ಅವ್ವನ ವಹಿಯಲ್ಲಿ ಸುಳ್ಳಿರಲಿಲ್ಲ

ಸೊಲ್ಲಾಪುರ ಸೀಮೆಯ ತಡವಳದ ನಮ್ಮ ಮನೆಯಲ್ಲಿ ಅವ್ವನ ಇಂಗ್ಲಿಷ್ ವಹಿ, ಅಂದರೆ ನೋಟುಬುಕ್ಕು, ದೇವರ ಜಗಲಿಯ ಮೇಲೆ ಇರುತ್ತಿತ್ತು. ಭಕ್ತಿಗೆಂದು ಇಟ್ಟಿರಲಿಲ್ಲ, ಬೇರೆ ಜಾಗವೇ ಇರಲಿಲ್ಲ. ಎರಡು ಕೋಣೆಯ ಮನೆ ಅದು. ಹೊರಗಿನ ಕೋಣೆಯಲ್ಲಿ ಜೋಳದ ಚೀಲಗಳು, ಅಪ್ಪನ ಮಂಚ, ಚಳಿಯಲ್ಲಿ ಒಳಗೆ ಬಂದು ಮಲಗುವ ಕುರಿಮರಿಗಳು. ಒಳಗಿನದರಲ್ಲಿ ಒಲೆ, ನೀರಿನ ಕೊಡಗಳು, ಮೂಲೆಯಲ್ಲಿ ನನ್ನ ಎದೆಯೆತ್ತರದ ಮಣ್ಣಿನ ಜಗಲಿ, ಅದರ ಮೇಲೆ ನಮ್ಮ ಬಿರೋಬಾ. ಕುರಿಮರಿಗೆ ಕಾಗದವೆಂದರೆ ಪ್ರಾಣ. ನನ್ನ ಮೂರನೇ ಇಯತ್ತೆಯ ಗಣಿತದ ಪುಸ್ತಕವನ್ನು ಒಂದು ಮರಿ ಭಾಗಾಕಾರದ ತನಕ ತಿಂದು ಮುಗಿಸಿತ್ತು. ಅದಕ್ಕೇ ವಹಿ ಜಗಲಿ ಏರಿತು. ಆದರೆ ಜಗಲಿಯ ಮೇಲೆ ಇಟ್ಟದ್ದು ದೇವರ ಲೆಕ್ಕಕ್ಕೇ ಸೇರುತ್ತದೆ. ಆಯಿ, ಅಂದರೆ ಅಪ್ಪನ ಅವ್ವ, ದಿನಾ ಮುಂಜಾನೆ ಬಿರೋಬಾನಿಗೆ ಭಂಡಾರದ ಹಳದಿ ಪುಡಿ ಹಾಕುವಾಗ ಒಂದು ಚಿಟಿಕೆಯನ್ನು ವಹಿಗೂ ಹಾಕುತ್ತಿದ್ದಳು. ಭಂಡಾರ ಮುಟ್ಟಿ ಆಡಿದ ಮಾತು ಸುಳ್ಳಾಗಬಾರದೆಂಬುದು ನಮ್ಮ ಜನರ ಕಟ್ಟುನಿಟ್ಟು. ವಹಿಯ ಹಾಳೆಹಾಳೆಯ ಸಂದಿಯಲ್ಲೂ ಭಂಡಾರ ಕೂತಿತ್ತು, ಓದಿ ಎದ್ದರೆ ಅವ್ವನ ಬೆರಳೂ ನನ್ನ ಬೆರಳೂ ಹಳದಿಯಾಗಿರುತ್ತಿದ್ದವು.

ಅವ್ವ ಊರ ಅಂಗನವಾಡಿಯಲ್ಲಿ ಮದತನೀಸ್ ಆಗಿದ್ದಳು. ಸೇವಿಕಾಬಾಯಿ ಕುರ್ಚಿಯಲ್ಲಿ ಕೂತು ಹಾಡು ಹೇಳಿಕೊಡುತ್ತಾರೆ, ರಜಿಸ್ಟರ್ ಬರೆಯುತ್ತಾರೆ. ಮದತನೀಸ್ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದು, ಮೂಗು ಒರೆಸಿ, ಖಿಚಡಿ ಬೇಯಿಸಿ, ಪಾತ್ರೆ ತೊಳೆಯುತ್ತಾಳೆ. ಹಾಡುಗಳೆಲ್ಲ ಅವ್ವನಿಗೆ ಬರುತ್ತಿದ್ದವು. ರಜಿಸ್ಟರನ್ನೂ ಮುಕ್ಕಾಲು ಅವಳೇ ಬರೆಯುತ್ತಿದ್ದಳು, ಸಹಿ ಮಾತ್ರ ಬಾಯಿಯದು. ಆ ಬಾಯಿ ಒಳ್ಳೆಯವರು. ಬರುವ ಬೇಸಿಗೆಗೆ ನಿವೃತ್ತರಾಗುವವರಿದ್ದರು. ದೀಪಾವಳಿ ಮುಗಿದ ವಾರ ಅವ್ವನನ್ನು ಕರೆದು ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ.

“ಮಾಯವ್ವಾ, ಹತ್ತನೇತ್ತಾ ಪಾಸ್ ಆದ್ರ ಈ ಕುರ್ಚಿ ನಿಂದ. ಇಲ್ಲಾಂದ್ರ ಹೊರಗಿಂದ ಯಾರರ ಬರ್ತಾರ. ನೀ ಮುದುಕಿ ಆಗೂತನ ಭಾಂಡಿ ತಿಕ್ಕಬೇಕಾಗ್ತದ.”

ಅವ್ವ ಒಂಬತ್ತನೇ ಇಯತ್ತೆ ಮುಗಿಸಿ ಮದುವೆಯಾದವಳು. ಶಾಲೆಗೆ ಹೋಗದೆ ಹೊರಗಿನಿಂದ ಪರೀಕ್ಷೆಗೆ ಕೂರುವವರು ತುಂಬುವ ಸತ್ರಾ ನಂಬರಿನ ಫಾರ್ಮು ತುಂಬಿ, ಉಳಿದ ವಿಷಯಗಳನ್ನೆಲ್ಲ ಒಂದೇ ಏಟಿಗೆ ಪಾಸು ಮಾಡಿಕೊಂಡಿದ್ದಳು. ಇಂಗ್ಲಿಷ್ ಎರಡು ಸಲ ಕೈಕೊಟ್ಟಿತ್ತು. ಮಾರ್ಚ್ ತಿಂಗಳದ್ದು ಮೂರನೆಯ ಸಲ. ಬಾಯಿ ಹೋಗುವ ಮುಂಚೆ ಉಳಿದಿದ್ದ ಪರೀಕ್ಷೆ ಅದೊಂದೇ. ಹಿಂದಿನ ಎರಡೂ ಸಲ ಅವಳು ಗೈಡಿನ ವಾಕ್ಯಗಳನ್ನು ಬಾಯಿಪಾಠ ಮಾಡಿ ಹೋಗಿದ್ದಳು. ಪರೀಕ್ಷೆಯ ಕೋಣೆಯಲ್ಲಿ ಯಾವ ಶಬ್ದಕ್ಕೆ ಯಾವ ವಾಕ್ಯವೆಂಬುದು ಕಲಸಿಹೋಗಿ, ಒಬ್ಬರ ಅಂಗಿ ಇನ್ನೊಬ್ಬರಿಗೆ ತೊಡಿಸಿ ಬಂದಿದ್ದಳು. ನಾನು ಆಗ ಏಳನೇ ಇಯತ್ತೆಯಲ್ಲಿದ್ದೆ. ಮನೆಯಲ್ಲಿ ಡಿಕ್ಷನರಿ ನೋಡಲು ಬರುತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಮಾಸ್ತರಿಕೆ ನನಗೆ ಬಂತು. ಆ ಪದವಿಯಿಂದ ನನಗೆ ಏರಿದ ಸೊಕ್ಕು ಇಳಿಯಲು ಬಹಳ ವರ್ಷ ಬೇಕಾದವು.

ಈ ಸಲವೂ ಗೈಡಿನಿಂದಲೇ ಶುರುವಾಯಿತು. ಮಧ್ಯಾಹ್ನ ಅಂಗನವಾಡಿ ಮುಗಿಸಿ ಬಂದ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ನಾನು ಹಿಡಿದ ವಹಿಯನ್ನು ನೋಡುತ್ತ, ಗಟ್ಟಿಯಾಗಿ ಇಂಗ್ಲಿಷ್ ಹೇಳುತ್ತಿದ್ದಳು. ಆಯಿ ಜಗಲಿಯ ಪಕ್ಕ ಕಂಬಳಿ ಹಾಸಿಕೊಂಡು ಕೂತಿರುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಕುರಿಯ ಕೂಗಿನಲ್ಲೇ ಅದರ ಹೊಟ್ಟೆನೋವು ತಿಳಿಯುವಷ್ಟು ಕಿವಿ ಮಾತ್ರ ಇತ್ತು.

“ಏನ್ ಓದಾಕತ್ತೀಯವ್ವಾ?”

“ಅರಸನ ಸೊಕ್ಕು ಮಿತಿ ಮೀರಿತ್ತು ಅಂತ ಐತ್ರಿ ಅತ್ತಿ.”

“ಯಾ ಅರಸ?”

“ಯಾರೋ ಗೊತ್ತಿಲ್ರಿ. ಪುಸ್ತಕದಾಗ ಬರದಾರ.”

“ಗೊತ್ತಿಲ್ಲದಾಂವನ ಮ್ಯಾಲ ಚಾಡಿ ಬರೀತೀಯೇನು, ಭಂಡಾರ ಬಿದ್ದ ವಹ್ಯಾಗ? ನೋಡಿದ್ದಷ್ಟ ಬರಿ. ನೋಡಲಾರದ್ದು ಬರೀಬ್ಯಾಡ.”

ನಾನು ನಕ್ಕೆ. ಅವ್ವ ನಗಲಿಲ್ಲ. ಕೈಯ ಹಿಟ್ಟು ಝಾಡಿಸಿ, ಎದ್ದು ಬಂದು, ಅರಸನ ವಾಕ್ಯದ ಮೇಲೆ ಗೀಟು ಎಳೆದಳು. ಆ ದಿನದಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬಂತು: ವಹಿಯಲ್ಲಿ ಬರೆಯುವ ವಾಕ್ಯ ನಮ್ಮ ಮನೆಯದ್ದೇ ಆಗಿರಬೇಕು, ನಿಜವೇ ಆಗಿರಬೇಕು. ಅವ್ವ ಬರೆದದ್ದನ್ನು ನಾನು ಕನ್ನಡಕ್ಕೆ ತಂದು ಆಯಿಯ ಮುಂದೆ ಓದಬೇಕು. ಆಯಿ ಹೂಂ ಅಂದರೆ ಉಳಿಯಿತು, ತಲೆ ಅಲ್ಲಾಡಿಸಿದರೆ ಹೋಯಿತು. ಮೊಂಡು ಎಂಬ ಶಬ್ದಕ್ಕೆ ನಮ್ಮ ಕರಿ ಕುರಿ ಬಂತು. ವೇಳೆಗೆ ಸರಿಯಾಗಿ ಎಂಬುದಕ್ಕೆ, ಆಯಿ ಚಹಾದ ವೇಳೆಗೆ ಸರಿಯಾಗಿ ಏಳುತ್ತಾಳೆ ಎಂಬುದು ಬಂತು. ಅದನ್ನು ಆಯಿಯೇ ಗಂಭೀರವಾಗಿ ಮಂಜೂರು ಮಾಡಿದಳು. ವಿಧೇಯ ಎಂಬುದಕ್ಕೆ ಅವ್ವ ‘ನನ್ನ ಮಗಳು ಸುಮಿತ್ರಾ’ ಎಂದು ಶುರು ಮಾಡಿದ್ದಳು, ಮುದುಕಿ ಮುಂದಕ್ಕೆ ಕೇಳಲೂ ಇಲ್ಲ, ತಲೆ ಅಲ್ಲಾಡಿಸಿಬಿಟ್ಟಳು. ವಾಕ್ಯ ಬರೆದ ಮೇಲೆ ಪರಿಸ್ಥಿತಿ ಬದಲಾದರೆ ಗೀಟು ಎಳೆಯಬೇಕೆಂಬ ಕಲಮು ಆಮೇಲೆ ಸೇರಿತು. ಕರಿ ಕುರಿಯನ್ನು ಮಾರಿದ ದಿನ ಅವ್ವ ಅದರ ವಾಕ್ಯವನ್ನು ಗೀಟಿ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಆಶ್ಚರ್ಯವೆಂದರೆ, ಹೀಗೆ ಕಲಿತ ಒಂದು ಶಬ್ದವೂ ಅವಳಿಗೆ ಮತ್ತೆ ಮರೆತುಹೋಗಲಿಲ್ಲ. ಕುರಿ ಹೋದರೂ ಮೊಂಡುತನ ಉಳಿಯಿತು.

ಅರಸನಿಂದ ಬಿಡಿಸಿಕೊಂಡ ಶಬ್ದ ಮಾತ್ರ ಹಾಗೇ ಬಿದ್ದಿತ್ತು: ಎಕ್ಸೆಸಿವ್. ಹಾಳೆಯ ತಲೆಗೆ ಆ ಶಬ್ದ, ಕೆಳಗೆ ಪೂರ್ತಿ ಖಾಲಿ. ಡಿಕ್ಷನರಿ ನೋಡಿ ನಾನು ‘ಭಾಳ’ ಅಂತ ಅರ್ಥ ಹೇಳಿದೆ. ಅವ್ವ ಒಪ್ಪಲಿಲ್ಲ, ಇನ್ನೊಮ್ಮೆ ನೋಡಿಸಿದಳು. ಇರಬೇಕಾದುದಕ್ಕಿಂತ ಹೆಚ್ಚು, ಅಳತೆ ಮೀರಿದ್ದು ಎಂದಿತ್ತು. ಹಾಗಾದರೆ ಭಾಳ ಇದ್ದದ್ದೆಲ್ಲ ಇದಲ್ಲ ಎಂದಳು ಅವ್ವ. ಹಬ್ಬದ ದಿನ ಹೋಳಿಗೆ ಭಾಳ ಇರುತ್ತವೆ, ಅದಕ್ಕೆ ಈ ಶಬ್ದ ಹತ್ತುವುದಿಲ್ಲ. ನಾನೀಗ ಸೊಲ್ಲಾಪುರದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಈ ಶಬ್ದವನ್ನು ಇಷ್ಟು ಸರಿಯಾಗಿ ತೂಗಿದವರನ್ನು ಆಮೇಲೆ ನಾನು ಕಾಲೇಜಿನಲ್ಲೂ ಕಾಣಲಿಲ್ಲ. ತೂಗುವುದೇನೋ ಆಯಿತು, ಆದರೆ ನಮ್ಮ ಮನೆಯಲ್ಲಿ ಅಳತೆ ಮೀರಿದ್ದು ಏನಿತ್ತು? ಸಕ್ಕರೆಯೇ, ಸೀರೆಯೇ, ಜಾಗವೇ? ಬಿಸಿಲು ಎಂದು ಬರೆಯೋಣವೆಂದರೆ ಆಯಿ ತಲೆ ಅಲ್ಲಾಡಿಸಿದಳು.

“ಬಿಸಲ ಹೆಚ್ಚಾತು ಅನ್ನಾಕ ನಾವ್ಯಾರವ್ವಾ? ಅಳದು ಹಾಕಾಂವ ಅಂವಾ.”

ನನ್ನ ಮಾತು ಅಳತೆ ಮೀರಿದೆ ಎಂದು ಅವ್ವ ಸೂಚಿಸಿದಳು. ಮನೆಯಲ್ಲಿ ಕೂಸಿನ ಮಾತು ಎಷ್ಟಿದ್ದರೂ ಹೆಚ್ಚಲ್ಲವೆಂದು ಆಯಿ ನನ್ನನ್ನು ಉಳಿಸಿದಳು. ಭಂಡಾರ? ಅದನ್ನಂತೂ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಾಳೆ ಖಾಲಿಯೇ ಉಳಿಯಿತು.

ಇನ್ನು ಅಪ್ಪನ ಮಾತಿಗೆ ಬರಬೇಕು. ಅಪ್ಪ ಸೊಲ್ಲಾಪುರದ ನವಿ ಪೇಠದ ಬಟ್ಟೆಯಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸ ಮಾಡುತ್ತಿದ್ದ. ವಾರವಿಡೀ ಅಲ್ಲೇ ಇದ್ದು, ವಾರದ ರಜೆಗೆ ಊರಿಗೆ ಬರುತ್ತಿದ್ದ. ಅವನು ಬರುವ ದಿನ ನಮಗೆ ಸಂತೋಷವೂ ಇರುತ್ತಿತ್ತು, ಹೆದರಿಕೆಯೂ ಇರುತ್ತಿತ್ತು. ಅಪ್ಪ ಹೊಡೆಯುವವನಲ್ಲ. ಆದರೆ ಪಲ್ಯಕ್ಕೆ ಉಪ್ಪು ಒಂದು ಹರಳು ಹೆಚ್ಚಾದರೆ ತಾಟು ಅಂಗಳಕ್ಕೆ ಹೋಗುತ್ತಿತ್ತು, ಚಪ್ಪಲಿ ಸಿಗದಿದ್ದರೆ ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದ. ಅವ್ವ ತಾಟು ಎತ್ತಿ ತೊಳೆದು, ಮತ್ತೆ ಬಡಿಸುತ್ತಿದ್ದಳು. ಅಪ್ಪನ ಸಿಟ್ಟು ನಮ್ಮ ಮನೆಯಲ್ಲಿ ಕಂಬ, ತೊಲೆಗಳ ಹಾಗೆ ಇದ್ದೇ ಇರುವ ವಸ್ತುವಾಗಿತ್ತು. ಅದನ್ನು ಅಳೆಯಬಹುದೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಜನವರಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೊಳ್ಳಲು ಅವ್ವ ನನ್ನನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಹೋದಳು. ನವಿ ಪೇಠದಲ್ಲಿ ಅಪ್ಪನ ಅಂಗಡಿಯ ಎದುರು ಬಂದಾಗ ಒಳಗೆ ಗಿರಾಕಿ ಇದ್ದರು. ನಾವು ರಸ್ತೆಯ ಈಚೆಗೇ ನಿಂತೆವು. ಬಿಳಿ ಗಾದಿಯ ಮೇಲೆ ಮಂಡಿಯೂರಿ ಅಪ್ಪ ಸೀರೆಗಳನ್ನು ಒಂದೊಂದಾಗಿ ಬಿಚ್ಚಿ ಹಾಸುತ್ತಿದ್ದ. ಇದು ಬೇಡ, ಆ ಬಣ್ಣದಲ್ಲಿ ಬೇರೆ ಅಂಚು, ಅದೂ ಬೇಡ, ಮೇಲಿನದು ತೆಗೆ. ಗಾದಿಯ ಮೇಲೆ ಸೀರೆ ಗುಡ್ಡೆ ಬಿತ್ತು. ಅಪ್ಪನ ಮುಖದಲ್ಲಿ ನಗು ಇತ್ತು, ಮಾತು ಜೇನಿನಂತಿತ್ತು. ಅಕ್ಕಾ, ತಾಯೀ, ಬಸಾ ಬಸಾ, ಅಂದರೆ ಕೂಡಿರಿ ಕೂಡಿರಿ ಎಂದು ಮರಾಠಿಯಲ್ಲಿ ಉಪಚಾರ ಮಾಡುತ್ತಿದ್ದ. ಕೊನೆಗೆ ಅವರು ಏನೂ ಕೊಳ್ಳದೆ ಎದ್ದರು. ಗಲ್ಲಾದ ಮೇಲಿದ್ದ ಮಾಲೀಕ ಅವರೆಲ್ಲರ ಮುಂದೆಯೇ ಅಪ್ಪನಿಗೆ, ನಿನಗೆ ಮಾರುವುದೇ ಬರುವುದಿಲ್ಲ ಎಂದ. ಅಪ್ಪ ಅದಕ್ಕೂ ನಕ್ಕು, ಸೀರೆಗಳನ್ನು ಮಡಚತೊಡಗಿದ. ಅವ್ವ ಒಳಗೆ ಹೋಗಲಿಲ್ಲ. ಅವನಿಗೆ ನಾವು ನೋಡಿದ್ದು ಗೊತ್ತಾಗಬಾರದೆಂದು ನನ್ನ ಕೈ ಹಿಡಿದು ತಿರುಗಿ ನಡೆದಳು. ಬಸ್ಸಿನಲ್ಲಿ ಅಂದಳು:

“ಅಲ್ಲಿ ಒಂದ ಚೂರೂ ಸಿಟ್ಟ ಮಾಡೂದಿಲ್ಲ ನೋಡು ನಿಮ್ಮಪ್ಪ. ಎಲ್ಲಾ ಗಂಟು ಕಟ್ಟಿ ನಮಗ ತರ್ತಾನ.”

ಆ ರಜೆಗೆ ಅಪ್ಪ ಬಂದಾಗ ತಾಟು ಮತ್ತೆ ಅಂಗಳ ಕಂಡಿತು. ರೊಟ್ಟಿ ಆರಿತ್ತಂತೆ. ಅವ್ವ ಅದನ್ನು ಎತ್ತಲಿಲ್ಲ. ಜಗಲಿಯಿಂದ ವಹಿ ತೆಗೆದು, ಖಾಲಿ ಹಾಳೆ ಹುಡುಕಿ, ನಿಂತಲ್ಲೇ ಒಂದು ವಾಕ್ಯ ಬರೆದಳು. ಬರೆದು ನನಗೆ ಕೊಟ್ಟಳು. ಪದ್ಧತಿಯಂತೆ ನಾನು ಆಯಿಯ ಮುಂದೆ ಕನ್ನಡದಲ್ಲಿ ಓದಬೇಕಿತ್ತು, ಅಪ್ಪ ಮಂಚದ ಮೇಲೆ ಕೂತೇ ಇದ್ದ. ನಾನು ವಹಿಯನ್ನು ಅವ್ವನಿಗೇ ಮರಳಿ ಚಾಚಿದೆ.

“ಓದು” ಅಂದಳು ಅವ್ವ.

“ಮನಿಯಾಗ ನನ್ನ ಗಂಡನ ಸಿಟ್ಟು ಅಳತಿ ಮೀರೇತಿ.”

ಎಲ್ಲರೂ ಆಯಿಯ ಕಡೆ ನೋಡಿದೆವು. ಮಾತು ಅವಳ ಮಗನದು. ಅವಳು ಅಲ್ಲಾಡಿಸುವ ತಲೆಯ ಒಂದು ಬೀಸಿಗೆ ವಾಕ್ಯ ಅಲ್ಲೇ ಸಾಯುತ್ತಿತ್ತು, ಅವ್ವ ಮರುಮಾತಿಲ್ಲದೆ ಗೀಟು ಎಳೆಯುತ್ತಿದ್ದಳು. ಆಯಿ ಅಂಗಳದ ತಾಟು ನೋಡಿದಳು, ಬಿರೋಬಾನ ಕಡೆ ನೋಡಿದಳು. ಆಮೇಲೆ ಹೂಂ ಅಂದಳು.

“ಖರೆ ಐತಿ. ಇರ್ಲಿ.”

ಆ ಮುದುಕಿಯನ್ನು ನಾನು ಮೆಚ್ಚುವುದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಆ ಎರಡು ಮಾತೇ ಸಾಕು. ಅಪ್ಪನ ಮುಖ ಕೆಂಪಾಯಿತು. ಈಗ ವಹಿಯೂ ಅಂಗಳಕ್ಕೆ ಹೋಗುತ್ತದೆ ಅಂದುಕೊಂಡೆ. ಅಪ್ಪ ಎದ್ದು ಬಂದು ವಹಿ ಇಸಿದುಕೊಂಡು, ತನಗೆ ಓದಲು ಬಾರದ ಆ ಇಂಗ್ಲಿಷ್ ಸಾಲನ್ನು ಬಹಳ ಹೊತ್ತು ನೋಡಿದ. ಕೈಗೆ ಭಂಡಾರ ಹತ್ತಿತು. ವಹಿಯನ್ನು ಜಗಲಿಯ ಮೇಲೇ ಇಟ್ಟು, ಹೊರಗೆ ಹೋಗಿ ತಾಟು ಎತ್ತಿದ. ಹೊರಡುವಾಗ ನನ್ನನ್ನು ಬದಿಗೆ ಕರೆದು ಕೇಳಿದ:

“ಅದನ್ನ ಹೊಡದ ಹಾಕಬೇಕಂದ್ರ ಏನ್ ಮಾಡಬೇಕ ಸುಮಿ?”

“ಅದು ಸುಳ್ಳ ಆಗಬೇಕಪ್ಪ.”

ಅಪ್ಪ ಅದನ್ನು ಸುಳ್ಳು ಮಾಡಲು ಪಟ್ಟ ಪಾಡನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ, ಅದರ ಹಿಂದೆಯೇ ಅವನ ಮೇಲೆ ಪ್ರೀತಿಯೂ ಉಕ್ಕುತ್ತದೆ. ಉಪ್ಪು ಹೆಚ್ಚಾದ ದಿನ ತಾಟನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ಉಣ್ಣುತ್ತಿದ್ದ. ಚಪ್ಪಲಿ ಸಿಗದಿದ್ದರೆ ಬರಿಗಾಲಲ್ಲಿ ಹೋಗಿಬಿಡುತ್ತಿದ್ದ. ಸಿಟ್ಟು ಬಂದಾಗ ಎದ್ದು ಕುರಿಗಳ ನಡುವೆ ಹೋಗಿ ನಿಲ್ಲುತ್ತಿದ್ದ. ಅವನು ಅಲ್ಲಿ ಏನು ಹೇಳುತ್ತಿದ್ದನೋ, ಕುರಿಗಳು ತಲೆ ಎತ್ತಿ ನೋಡುತ್ತಿದ್ದವು. ಎರಡು ಸಲ ಸೋತ. ಒಮ್ಮೆಯಂತೂ ತಂಬಿಗೆ ಗೋಡೆಗೆ ಬಡಿದು ನೆಗ್ಗಿತು. ರಜೆಗೆ ಬಂದಾಗಲೆಲ್ಲ ಮೊದಲು ವಹಿ ತೆಗೆದು ಆ ಹಾಳೆ ನೋಡುತ್ತಿದ್ದ, ಗೀಟು ಬಿದ್ದಿರುತ್ತಿರಲಿಲ್ಲ. ಅವ್ವ ರಿಯಾಯಿತಿ ಕೊಡುವವಳಲ್ಲ. ಅವಳು ಗೀಟು ಎಳೆದದ್ದು ಪರೀಕ್ಷೆಗೆ ಎಂಟು ದಿನ ಇರುವಾಗ, ಅಪ್ಪನ ಎದುರಿಗೆ, ಸ್ಕೇಲ್ ಇಟ್ಟು ನೆಟ್ಟಗೆ. ಅಪ್ಪ ಅಂದು ಬಾಯಿ ತುಂಬ ನಕ್ಕ.

ಇಂಗ್ಲಿಷ್ ಪೇಪರಿನ ದಿನ ಅಪ್ಪ ಅಂಗಡಿಗೆ ರಜೆ ಹಾಕಿ ಬಂದು, ನೆರೆಯವರ ಮೋಟಾರ್ ಸೈಕಲ್ ಕೇಳಿ ತಂದ. ಅವ್ವ ಹಿಂದೆ, ನಾನು ನಡುವೆ. ಅಕ್ಕಲಕೋಟೆಯ ಶಾಲೆಯಲ್ಲಿ ಪರೀಕ್ಷೆ. ಬೇಕಾದಷ್ಟು ಮುಂಚೆ ಹೊರಟಿದ್ದೆವು, ಆದರೆ ದಾರಿಯಲ್ಲಿ ಕುರಿಹಿಂಡೊಂದು ಅಡ್ಡ ಬಂತು. ಕುರಿ ಕಾಯುವ ಮನೆಯವರು ಹಿಂಡನ್ನು ಒಡೆದು ದಾರಿ ಮಾಡಿಕೊಳ್ಳುವುದಿಲ್ಲ, ಹಾರ್ನೂ ಹೊಡೆಯುವುದಿಲ್ಲ. ಕೊನೆಯ ಮರಿ ದಾಟುವ ತನಕ ನಿಲ್ಲುತ್ತಾರೆ. ಅಪ್ಪ ಗಾಡಿ ಬಂದ್ ಮಾಡಿ ನಿಂತ. ದೊಡ್ಡ ಹಿಂಡು, ಮುಗಿಯಲೇ ಇಲ್ಲ. ಹಿಂದೆ ಉಳಿದ ಕುಂಟ ಮರಿಯೊಂದನ್ನು ಅಪ್ಪ ತಾನೇ ಇಳಿದು ಎತ್ತಿ ಆಚೆ ಬಿಟ್ಟುಬಂದ. ಶಾಲೆಯ ಗೇಟಿಗೆ ಬಂದಾಗ ಗಂಟೆ ಹೊಡೆದು ನಾಲ್ಕೈದು ನಿಮಿಷ ಆಗಿತ್ತು. ನಮ್ಮ ಕಣ್ಣೆದುರಿಗೇ ತಡವಾಗಿ ಓಡಿ ಬಂದ ಇಬ್ಬರು ಹುಡುಗರನ್ನು ಗೇಟಿನವನು ಒಳಗೆ ಬಿಟ್ಟ. ಅವ್ವ ಹಾಲ್ ಟಿಕೆಟ್ ಮುಂದೆ ಹಿಡಿದಾಗ ಗೇಟು ಎಳೆದುಕೊಂಡ.

“ಬಾಯಿ, ಈ ವಯಸ್ಸಿನ್ಯಾಗ ಎದಕ್ಕ ಬೇಕ ನಿನಗ ಪರೀಕ್ಷಾ? ಮನಿಗಿ ಹೋಗಿ ರೊಟ್ಟಿ ಬಡಿ ಹೋಗು.”

ಅವ್ವ ಅಂಗನವಾಡಿಯ ಮಕ್ಕಳನ್ನು ಅಂಜಿಸದೆ ಆಳಿದವಳು, ಗಂಡನ ಸಿಟ್ಟನ್ನು ಕಾಗದದ ಮೇಲೆ ಹಿಡಿದವಳು. ಆ ಮಾತಿಗೆ ಅವಳ ಕಣ್ಣು ತುಂಬಿಬಿಟ್ಟಿತು, ಹಾಲ್ ಟಿಕೆಟ್ ಹಿಡಿದ ಕೈ ಕೆಳಗಿಳಿಯಿತು. ಅಪ್ಪ ಗಾಡಿ ನಿಲ್ಲಿಸಿ ಬಂದ. ಗೇಟಿನ ಸರಳುಗಳನ್ನು ಹಿಡಿದುಕೊಂಡ. ಎರಡು ತಿಂಗಳು ಕುರಿಗಳ ನಡುವೆ ನಿಂತು ನುಂಗಿದ್ದೆಲ್ಲ ಅವನ ಕೊರಳಿಗೆ ಬಂದಿತ್ತು.

“ಆ ಹುಡುಗೋರಿಗಿ ತಗದ ಗೇಟ ಈಕಿಗ್ಯಾಕ ತಗಿಯಂಗಿಲ್ಲ? ಒಲಿ ಮುಂದ ಕುಂತ ಓದ್ಯಾಳ ಈಕಿ. ಖಿಚಡಿ ಮಾಡಿ, ಭಾಂಡಿ ತಿಕ್ಕಿ, ಕುರಿ ನೋಡಿ ಓದ್ಯಾಳ. ನೀ ಯಾರ ಈಕಿಗಿ ಮನಿಗಿ ಹೋಗು ಅನ್ನಾಕ? ತಗಿ ಗೇಟ.”

ಶಾಲೆಯ ಅಷ್ಟೂ ಕಿಟಕಿಗಳಲ್ಲಿ ತಲೆಗಳು ಕಂಡವು. ಒಳಗಿನಿಂದ ಸರ್ ಒಬ್ಬರು ಓಡಿ ಬಂದು, ಹಾಲ್ ಟಿಕೆಟ್ ನೋಡಿ, ಗೇಟು ತೆಗೆಸಿದರು. ಅವ್ವ ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡು, ಹಿಂದಿರುಗಿ ನೋಡದೆ ಒಳಗೆ ಹೋದಳು.

ಫಲಿತಾಂಶವನ್ನು ಇಲ್ಲೇ ಹೇಳಿಬಿಡುತ್ತೇನೆ, ಕೌತುಕ ಬೆಳೆಸಿ ಕೂರಿಸುವುದು ನನಗೆ ಬರುವುದಿಲ್ಲ. ಅವ್ವ ಪಾಸಾದಳು. ಬಾಯಿಯ ಕುರ್ಚಿಯಲ್ಲಿ ಕೂತಳು, ಊರಿನ ಅರ್ಧ ಜನ ಈಗ ಅವಳ ಹಾಡು ಕಲಿತವರೇ. ಆದರೆ ಅಂದು ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ ಅಪ್ಪನಿಗೆ ಅದಾವುದೂ ಗೊತ್ತಿರಲಿಲ್ಲ. ಅವನು ತಲೆಯ ಮೇಲೆ ಕೈ ಹೊತ್ತಿದ್ದ. ನಾನು ಹತ್ತಿರ ಹೋದರೆ ನನ್ನ ಮುಖ ನೋಡದೆ ಮಾತಾಡಿದ.

“ಹೊಡದ ಹಾಕಿ ಬರೇ ಎಂಟ ದಿನ ಆತು ಸುಮಿ. ಊರ ಮುಂದ ಕೂಗಾಡಿಬಿಟ್ಟೆ. ಮತ್ತ ಬರೀತಾಳ ಆಕಿ.”

ನನಗೂ ಹಾಗೇ ಅನಿಸಿತ್ತು. ಅವ್ವನನ್ನು ಬಲ್ಲವರಿಗೆ ಬೇರೆ ಅನಿಸುವುದು ಸಾಧ್ಯವಿರಲಿಲ್ಲ. ಮೂರು ತಾಸು ನಾವಿಬ್ಬರೂ ಅಲ್ಲೇ ಕೂತೆವು. ಗಂಟೆ ಹೊಡೆಯಿತು, ಮಕ್ಕಳ ಗುಂಪು ಹೊರಬಂತು, ಎಲ್ಲರಿಗಿಂತ ಹಿಂದೆ ಅವ್ವ ಬಂದಳು. ಅಪ್ಪ ಎದ್ದು ನಿಂತ, ಪೇಪರ್ ಹೇಗಾಯಿತೆಂದು ಕೂಡ ಕೇಳಲಿಲ್ಲ.

“ಆ ಶಬ್ದ ಬಂದಿತ್ತು. ಸ್ವಂತ ವಾಕ್ಯದಾಗ ಬರೀರಿ ಅಂತ” ಅಂದಳು ಅವ್ವ.

ಅಪ್ಪ ತಲೆ ತಗ್ಗಿಸಿದ.

“ಬರದಿ?”

“ಬರದೇನ್ರಿ. ಒಂದ ಕೇಳಿದ್ರು, ಎರಡ ಬರದ ಬಂದೀನಿ.”

ಅವ್ವ ಮೊದಲು ಇಂಗ್ಲಿಷಿನಲ್ಲಿ ಹೇಳಿದಳು, ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ. ಅಪ್ಪ ನನ್ನ ಕಡೆ ನೋಡಿದ. ಪದ್ಧತಿಯಂತೆ ನಾನು ಕನ್ನಡಕ್ಕೆ ತಂದು ಹೇಳಿದೆ.

“ಇವತ್ತು ನನ್ನ ಗಂಡನ ಸಿಟ್ಟು ಅಳತಿ ಮೀರಿರಲಿಲ್ಲ. ಅದು ನನ್ನ ಸಲುವಾಗಿ ಬಂದಿತ್ತು.”